ಅಣಬೆ ನೊಣ ನೋಡಲು ಕಾಲೇಜು ಸ್ಟೀರಿಯೊ ಮೈಕ್ರೊಸ್ಕೋಪು: ಲೆನ್ಸು ಪಾಸು, ದೀಪ ಫೇಲು

ಮೈಸೂರಿನ ಸೈಂಟಿಫಿಕ್ ಸಾಮಾನಿನ ಅಂಗಡಿಗಳಲ್ಲಿ ಕಾಲೇಜು ಲ್ಯಾಬಿಗೆಂದು ಸಿಗುವ ಮಾಮೂಲಿ ಸ್ಟೀರಿಯೊ (ಎರಡೂ ಕಣ್ಣಿಟ್ಟು ನೋಡುವ) ಮೈಕ್ರೊಸ್ಕೋಪು ಇದು. ಕಣ್ಣಿಡುವ ಕಡೆ 10 ಎಕ್ಸ್ ಐಪೀಸ್, ನೊಣದ ಕಡೆ ತಿರುಗಿಸಿದರೆ 2 ಮತ್ತು 4 ಎಕ್ಸ್ ಆಬ್ಜೆಕ್ಟಿವ್. ಒಟ್ಟು 20, 40 ಪಟ್ಟು. ಕೊಡಗಿನ ಮಳೆಕಾಡಿನಲ್ಲಿ ಅಣಬೆಗೆ ಮುತ್ತುವ ಎರಡು-ಮೂರು ಮಿಲಿಮೀಟರಿನ ನೊಣಗಳ ಕುಟುಂಬ ಗುರುತಿಸಲು ಇಷ್ಟು ಸಾಕು. ಪ್ರಭೇದ ಹೇಳಬೇಕೆನ್ನುವವರಿಗೆ ಸಾಲದು. ಸಾಮಾನ್ಯವಾಗಿ ಗಂಡಿನ ಜನನಾಂಗ ಬಿಡಿಸಿ ಇನ್ನೂ ಹೆಚ್ಚು ಪಟ್ಟು ಹಿಗ್ಗಿಸುವ ಕಾಂಪೌಂಡ್ ಮೈಕ್ರೊಸ್ಕೋಪಿನಲ್ಲೇ ನೋಡಬೇಕಾಗುತ್ತದೆ.

ಅರ್ಧ ಕೆಲಸ 20 ಪಟ್ಟಿನಲ್ಲೇ ಮುಗಿಯುತ್ತದೆ. ಗೂನುಬೆನ್ನು, ಕಾಲಿನ ಬುಡದಲ್ಲಿ ಉದ್ದನೆಯ ಕಾಕ್ಸಾ (ಮೊದಲ ತುಂಡು), ಟಿಬಿಯಾದ (ಮೊಣಕಾಲಿನ ಕೆಳಗಿನ ತುಂಡಿನ) ತುದಿಗೆ ಎದ್ದುಕಾಣುವ ಮುಳ್ಳು: ಮೈಸೆಟೊಫಿಲಿಡೆ ಕುಟುಂಬ. ಗೂನುಬೆನ್ನಿದ್ದೂ ರೆಕ್ಕೆಯ ಮುಂದಂಚಿನಲ್ಲಿ ಮಾತ್ರ ದಪ್ಪ ನರಗಳು, ಉಳಿದವು ತೆಳ್ಳಗೆ ಓರೆಯಾಗಿದ್ದರೆ ಫೋರಿಡೆ. ಸಿಯಾರಿಡೆಗೆ 40 ಬೇಕು. ಕುಡಿಮೀಸೆಗಳ ಮೇಲ್ಗಡೆ ಎರಡು ಕಣ್ಣೂ ಕೂಡಿಕೊಂಡಿರುವುದನ್ನು ನೋಡಬೇಕು. ಡ್ರೊಸೊಫಿಲಿಡೆಯಲ್ಲಿ ಅರಿಸ್ಟಾದ (ಕುಡಿಮೀಸೆಯ ಮೇಲಿನ ಬಿರುಗೂದಲಿನ) ಕವಲು ನೋಡುವುದು. ಆದರೆ ನೊಣ ಆಲ್ಕೋಹಾಲಿನಲ್ಲಿ ಮುಳುಗಿರಲಿ. ಒದ್ದೆಯಾಗಿ ಹೊರಗೆತ್ತಿದರೆ ಕವಲುಗಳು ಅಂಟಿಕೊಂಡು ಒಂದೇ ಎಳೆಯಂತೆ ಕಾಣುತ್ತವೆ, ಗುರುತು ತಪ್ಪುವುದು ಅಲ್ಲೇ.

ದೀಪದ್ದೇ ದೊಡ್ಡ ತಕರಾರು. ಮೇಲಿನ ಎಲ್‌ಇಡಿ ನೇರವಾಗಿ ಬಿದ್ದು, ಮೈಕೊಡ್ರೊಸೊಫಿಲಾದಂಥ (ಇದೂ ಡ್ರೊಸೊಫಿಲಿಡೆಯದೇ) ನೊಣಗಳ ಕಪ್ಪಗೆ ಹೊಳೆಯುವ ಬೆನ್ನಿನ ಮೇಲೆ ಬಿಳಿ ಚುಕ್ಕೆ ಮೂಡಿಸುತ್ತದೆ. ಕೂದಲುಗಳು ಅದರಡಿ ಮಾಯ. ಪೆಟ್ರಿ ತಟ್ಟೆಯ ಸುತ್ತ ಬಟರ್ ಪೇಪರಿನ ಪಟ್ಟಿ ನಿಲ್ಲಿಸಿ, ಟೇಬಲ್ ಲ್ಯಾಂಪಿನ ಬೆಳಕನ್ನು ಪಕ್ಕದಿಂದ ಬಿಡಿ. ರೆಕ್ಕೆಗೆ ಮಾತ್ರ ಕೆಳಗಿನ ದೀಪ ಚೆನ್ನ: ರೆಕ್ಕೆ ಕಿತ್ತು ಸ್ಲೈಡು, ಕವರ್‌ಸ್ಲಿಪ್ ನಡುವೆ ಇಟ್ಟರೆ ನರಗಳು ಸ್ಪಷ್ಟ.

ನೊಣ ಹೊರಳದಂತೆ ತಟ್ಟೆಯ ತಳಕ್ಕೆ ಕೈಗೆ ಹಚ್ಚುವ ಸ್ಯಾನಿಟೈಜರ್ ಜೆಲ್ ಸವರಿ, ಅದರಲ್ಲಿ ಕೂರಿಸಿ, ಮೇಲೆ ಶೇಕಡ 70ರ ಆಲ್ಕೋಹಾಲ್ ಸುರಿಯಬೇಕು. ಜೆಲ್ಲಿನೊಳಗೆ ಗುಳ್ಳೆಗಳಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ತೆಗೆಯಿರಿ; ಬೆಂಕಿಯ ಹತ್ತಿರ ಬೇಡ.

ಮೊಬೈಲ್ ಹೋಲ್ಡರ್ ಸಿಕ್ಕಿಸಿದರೆ ಭಾರಕ್ಕೆ ಮೈಕ್ರೊಸ್ಕೋಪಿನ ತಲೆ ಮೆಲ್ಲಗೆ ಇಳಿದು ಫೋಕಸ್ ಹೋಗುತ್ತದೆ. ಒಂದು ಕಡೆಯ ಫೋಕಸ್ ಗುಂಡಿ ಹಿಡಿದು ಇನ್ನೊಂದನ್ನು ತಿರುಗಿಸಿದರೆ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡಿ, ಇಲ್ಲವಾದರೆ ಅಣಬೆ ನೋಡುವ ಲೆನ್ಸಿಗೇ ಬೂಷ್ಟು.

ಅಂಗಡಿಯವರು 20 ಎಕ್ಸ್ ಐಪೀಸ್ ಜೋಡಿಯನ್ನೂ ತೋರಿಸುತ್ತಾರೆ. ಚಿತ್ರ ದೊಡ್ಡದಾಗಿ ಮಸುಕಾಗುತ್ತದೆಯೇ ಹೊರತು ಹೊಸ ವಿವರ ಕಾಣುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಚೂಪು ಚಿಮ್ಮಟ ಕೊಳ್ಳಿ.