ಒಂದು ಶೆಡ್ಡು, ಮೂರು ಅರೆಬರೆ ಗಾಡಿ: ನಾನು ಮಾಡಿ ನೋಡಿದ ಮೂರು ದಾರಿ

ಮನೆಯಲ್ಲಿ ಒಂದಕ್ಕಿಂತ ಜಾಸ್ತಿ ಹಳೇ ಗಾಡಿ ಇಟ್ಟುಕೊಂಡು ಕೈಯಾರೆ ರಿಪೇರಿ ಮಾಡುವವರಿಗೆಲ್ಲ ಒಂದೇ ತಲೆನೋವು. ಒಂದನ್ನೇ ಹಿಡಿದು ಮುಗಿಸಬೇಕಾ, ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಕೈ ಹಾಕಬೇಕಾ? ಮೈಸೂರಿನ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಯೆಜ್ಡಿ ರೋಡ್‌ಕಿಂಗ್, ಯಮಹಾ ಆರ್‌ಎಕ್ಸ್ 100 ಬೈಕುಗಳು, ಪ್ರೀಮಿಯರ್ ಪದ್ಮಿನಿ ಕಾರು ಇವೆ. ಇವುಗಳ ಮೇಲೆ ಮೂರು ದಾರಿ ಮಾಡಿ ನೋಡಿದ್ದೇನೆ. ಹೋಲಿಸುವಾಗ ಎರಡು ವಿಷಯ ಗಮನಿಸಿದೆ. ಕೈಗೆತ್ತಿಕೊಂಡ ಗಾಡಿ ಮುಂದಕ್ಕೆ ಹೋಯಿತಾ? ಸುಮ್ನೆ ನಿಂತ ಗಾಡಿ ಇದ್ದ ಹಾಗೇ ಉಳಿಯಿತಾ? ಎರಡನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಂತ ಗಾಡಿ ಇದ್ದಲ್ಲೇ ಹಾಳಾಗುತ್ತಾ ಹೋಗುತ್ತದೆ.

ಮೊದಲನೇ ದಾರಿ ಹಿರಿಯ ಮೇಸ್ತ್ರಿಗಳು ಹೇಳುವಂಥದ್ದು: ಒಂದು ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡ. ಇದನ್ನು ಯೆಜ್ಡಿ ಮೇಲೆ ಮಾಡಿದೆ. ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿದರೂ ಆ ಎಂಜಿನ್ನಿನ ಒಳಹೊರಗು ಗೊತ್ತಿರುವವರು ನಮ್ಮೂರಿನಲ್ಲಿ ಇನ್ನೂ ಇದ್ದಾರೆ. ಕೇಳಿದರೆ ಪ್ರೀತಿಯಿಂದ ಹೇಳಿಕೊಡುತ್ತಾರೆ.

ಯೆಜ್ಡಿಯಂಥ ಎಂಜಿನ್ನಿಗೆ ಈ ದಾರಿ ನಿಜಕ್ಕೂ ಒಪ್ಪುತ್ತದೆ. ಎಡಗಡೆಯ ಕವರ್ ಬಿಚ್ಚಿ ನೋಡಿ, ಯಾಕೆ ಅಂತ ಗೊತ್ತಾಗುತ್ತದೆ. ಅದರಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ತಂದರೆ ಗೇರ್. ಸಾಲದ್ದಕ್ಕೆ ಗೇರ್ ಲಿವರ್ ಒತ್ತಿದ ಕೂಡಲೇ ಕ್ಲಚ್ ತಾನಾಗಿ ಬಿಡುಗಡೆ ಆಗುವ ಏರ್ಪಾಡೂ ಅಲ್ಲೇ ಇದೆ. ಶಾಫ್ಟಿನೊಳಗೆ ಶಾಫ್ಟು, ಮಧ್ಯೆ ತೆಳು ವಾಷರ್‌ಗಳು, ಪಕ್ಕದಲ್ಲಿ ಪ್ರೈಮರಿ ಚೈನು. ಬಿಚ್ಚಿದ ವಾರದಲ್ಲೇ ಜೋಡಿಸಿದರೆ ಯಾವ ವಾಷರ್ ಎಲ್ಲಿತ್ತು ಅಂತ ಬೆರಳಿಗೇ ನೆನಪಿರುತ್ತದೆ. ಶೆಡ್ಡಿನ ನೆಲವೂ ಖಾಲಿ ಇರುತ್ತದೆ, ಪಾನಾ ಎಲ್ಲಿ ಇಟ್ಟೆ ಅಂತ ಹುಡುಕಬೇಕಾಗಿಲ್ಲ.

ಈ ದಾರಿ ಸೋಲುವುದು ಕಾಯುವ ಕೆಲಸದಲ್ಲಿ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟು) ಲೇತಿಗೆ ಹೋಗಬೇಕು. ಬೋರಿಂಗ್ (ಸವೆದ ಸಿಲಿಂಡರ್ ಕೊರೆದು ಅಗಲ ಮಾಡುವ ಕೆಲಸ) ಮಾಡಿಸಬೇಕು ಅಂದರೆ ಓವರ್‌ಸೈಜ್ ಪಿಸ್ಟನ್ ಮೊದಲೇ ಕೈಯಲ್ಲಿರಬೇಕು. ಅದನ್ನು ಅಳೆದೇ ಬೋರ್ ಹಿಡಿಯುತ್ತಾರೆ. ಪಿಸ್ಟನ್ ಹುಡುಕಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು, ಅಲ್ಲಿ ಸಿಗದಿದ್ದರೆ ಗೊತ್ತಿದ್ದವರನ್ನೆಲ್ಲ ಕೇಳಬೇಕು. ಸೈಲೆನ್ಸರ್ ಕ್ರೋಮ್ ಅಂಗಡಿಯಲ್ಲಿ ಇರುತ್ತದೆ. "ಸೋಮವಾರ ಬನ್ನಿ ಸಾರ್" ಅಂದವರು ಮುಂದಿನ ಸೋಮವಾರವೂ ಅದನ್ನೇ ಹೇಳುತ್ತಾರೆ. ಅವರ ಕೆಲಸದ ಒತ್ತಡ ಅವರಿಗೆ. ಆದರೆ ಅಷ್ಟು ದಿನ ನಾವು ಕೈಕಟ್ಟಿ ಕೂರಬೇಕು. ಅತ್ತ ಪದ್ಮಿನಿಯ ಬ್ರೇಕ್ ಆಯಿಲ್ ಗಾಳಿಯ ಪಸೆ ಹೀರಿಕೊಂಡು ವೀಲ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ. ಆರ್‌ಎಕ್ಸ್ ಕಾರ್ಬುರೇಟರಿನಲ್ಲಿ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಉಳಿದ ಪೆಟ್ರೋಲ್ ಆರಿ ಗೋಂದಿನಂತಾಗುತ್ತದೆ. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲಿಗೆ ನೀರು ಎಳೆದುಕೊಳ್ಳುವ ಗುಣ ಇರುವುದರಿಂದ ನಿಂತ ಗಾಡಿಗೆ ತೊಂದರೆ ಇನ್ನೂ ಜಾಸ್ತಿ.

ಎರಡನೇ ದಾರಿ ಸರದಿ. ಈ ಭಾನುವಾರ ಯೆಜ್ಡಿ, ಮುಂದಿನ ಭಾನುವಾರ ಆರ್‌ಎಕ್ಸ್, ಅದರ ಮುಂದಿನದು ಪದ್ಮಿನಿ. ಮನಸ್ಸಿಗೆ ಇದರಷ್ಟು ಖುಷಿ ಕೊಡುವ ದಾರಿ ಇನ್ನೊಂದಿಲ್ಲ. ಬೇಜಾರು ಅನ್ನುವ ಮಾತೇ ಇಲ್ಲ. ಲೇತಿನವರು ತಡ ಮಾಡಿದರೂ ಕೈಗೆ ಕೆಲಸ ಇರುತ್ತದೆ.

ಆದರೆ ಕೆಲಸ ಸಾಗುವುದಿಲ್ಲ. ಪ್ರತಿ ಸರದಿಯಲ್ಲೂ ಮೊದಲ ಒಂದು ಗಂಟೆ ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪು ಮಾಡಿಕೊಳ್ಳುವುದಕ್ಕೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ಒಂದೇ ಹೊತ್ತಿಗೆ ಮೂರು ಎಂಜಿನ್ ಬಾಯಿ ಬಿಟ್ಟುಕೊಂಡು ಕೂರುವುದು. ಯೆಜ್ಡಿ, ಆರ್‌ಎಕ್ಸ್ ಎರಡೂ ಟೂ ಸ್ಟ್ರೋಕ್. ಅವುಗಳ ಕ್ರ್ಯಾಂಕ್ ಬೇರಿಂಗಿಗೆ ಎಣ್ಣೆ ಸಿಗುವುದು ಪೆಟ್ರೋಲ್ ಜೊತೆ ಒಳಗೆ ಹೋದಾಗ ಮಾತ್ರ. ಎಂಜಿನ್ ನಿಂತರೆ ಇರುವ ತೆಳು ಪದರವೇ ಕಾವಲು. ಬ್ಯಾರೆಲ್ (ಸಿಲಿಂಡರ್) ತೆಗೆದು ಮಳೆಗಾಲದಲ್ಲಿ ಬಿಟ್ಟರೆ ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಬಟ್ಟೆ ತುರುಕಿ ಮುಚ್ಚಿದರೆ ಬಟ್ಟೆಯೇ ತೇವ ಹಿಡಿಯುತ್ತದೆ. ಎಣ್ಣೆ ಸುರಿದು ಪ್ಲಾಸ್ಟಿಕ್ ಬಿಗಿಯಾಗಿ ಕಟ್ಟಬೇಕು.

ಜಾಗದ ಮಾತಂತೂ ಕೇಳಲೇಬೇಡಿ. ಬಿಚ್ಚಿದ ಕಾರು ಬಿಚ್ಚದ ಕಾರಿಗಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ. ಪದ್ಮಿನಿಯ ನಾಲ್ಕು ಬಾಗಿಲು, ಬಾನೆಟ್ಟು, ಸೀಟುಗಳನ್ನು ಗೋಡೆಗೆ ಒರಗಿಸಿದ ಮೇಲೆ ಬೈಕಿನ ಸುತ್ತ ಕೂರಲು ಜಾಗ ಉಳಿಯುವುದಿಲ್ಲ.

ಮೂರನೇ ದಾರಿಯಲ್ಲಿ ಗಾಡಿ ಲೆಕ್ಕ ಬಿಟ್ಟು ಕೆಲಸದ ಲೆಕ್ಕ ಹಿಡಿದೆ. ಮೂರು ಗಾಡಿಯ ಕಾರ್ಬುರೇಟರ್ ಒಂದೇ ದಿನ ಬಿಚ್ಚುವುದು, ಮೂರರ ತುಕ್ಕು ಒಟ್ಟಿಗೆ ಉಜ್ಜುವುದು, ಪ್ರೈಮರ್ ಒಟ್ಟಿಗೆ ಹೊಡೆಯುವುದು, ಲೇತಿನ ಸಾಮಾನು ಒಂದೇ ಸಲ ಕೊಂಡೊಯ್ಯುವುದು. ನನಗೆ ತುಂಬಾ ಹಿಡಿಸಿದ್ದು ಇದೇ. ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ) ಬಿಚ್ಚಿ, ಕ್ಲೀನರ್ ಹೊಡೆದು, ಕಂಪ್ರೆಸರ್ ಗಾಳಿ ಬಿಡುವುದಕ್ಕೆ ಒಂದು ಸಲ ಮೇಜು ಸಜ್ಜು ಮಾಡಿದರೆ ಸಾಕು, ಮೂರೂ ಸಂಜೆಯೊಳಗೆ ಆಗುತ್ತವೆ. ಕೈಯೂ ಪಳಗುತ್ತದೆ. ಆರ್‌ಎಕ್ಸ್ ಕಾರ್ಬುರೇಟರ್ ಚಿಕ್ಕದು, ಸರಳ. ಅದನ್ನು ಮೊದಲು ಮುಗಿಸಿ ಪದ್ಮಿನಿಯ ಸೊಲೆಕ್ಸ್‌ಗೆ ಹೋದರೆ ಅದೂ ಹೆದರಿಸುವುದಿಲ್ಲ. ಬಣ್ಣದ ಕೆಲಸದಲ್ಲಿ ಉಳಿತಾಯ ಎದ್ದು ಕಾಣುತ್ತದೆ. ಯೆಜ್ಡಿಯ ಟೂಲ್ ಬಾಕ್ಸು, ಪದ್ಮಿನಿಯ ವೀಲುಗಳು ಎಲ್ಲವನ್ನೂ ಒಂದೇ ತಂತಿಗೆ ನೇತುಹಾಕಿ ಒಂದೇ ಸಲ ಕಲಸಿದ ಪ್ರೈಮರ್‌ನಲ್ಲಿ ಮುಗಿಸಬಹುದು.

ಇದಕ್ಕೆ ಎರಡು ಶರತ್ತು. ಪ್ರತಿ ಗಾಡಿಗೂ ಬೇರೆ ಡಬ್ಬಿ ಇರಬೇಕು, ಬಿಚ್ಚುವ ಮೊದಲು ಫೋಟೋ ತೆಗೆಯಬೇಕು, ಭಾಗಕ್ಕೆ ಹೆಸರು ಬರೆದ ಚೀಟಿ ಕಟ್ಟಬೇಕು. ಒಂದೇ ತಟ್ಟೆಗೆ ಸ್ಕ್ರೂ ಹಾಕಿದರೆ ದೇವರೇ ಗತಿ. ಇನ್ನೊಂದು, ದುಡ್ಡು ಒಟ್ಟಿಗೇ ಬೇಕಾಗುತ್ತದೆ. ಮೂರು ಗಾಡಿಯ ರಬ್ಬರ್ ಕಿಟ್, ಸೀಲು, ಕೇಬಲ್ ಒಂದೇ ತಿಂಗಳಲ್ಲಿ ತಂದರೆ ಮನೆಯ ಲೆಕ್ಕ ಏರುಪೇರಾಗುತ್ತದೆ. ಎಂಜಿನ್ ಕೆಲಸಕ್ಕಂತೂ ಈ ದಾರಿ ಬೇಡ. ಎರಡು ಎಂಜಿನ್ ಒಟ್ಟಿಗೆ ಬಿಚ್ಚುವುದು ಎರಡು ದೋಣಿ ಮೇಲೆ ಕಾಲಿಟ್ಟ ಹಾಗೆ.

ಹಾಗಾಗಿ ನಾನು ಈಗ ನಡೆಸುತ್ತಿರುವುದು ಒಂದನೆಯ ಮತ್ತು ಮೂರನೆಯ ದಾರಿಯನ್ನು ಸೇರಿಸಿ. ಗಾಡಿ ಎಷ್ಟಿವೆ ಅನ್ನುವುದು ಮುಖ್ಯ ಅಲ್ಲ, ಬಿಚ್ಚಿದ್ದು ಎಷ್ಟು ಅನ್ನುವುದೇ ಮುಖ್ಯ. ಬಿಚ್ಚಿದ ಎಂಜಿನ್ ಶೆಡ್ಡಿನಲ್ಲಿ ಒಂದೇ ಇರಬೇಕು. ಮಿಕ್ಕವು ಚಕ್ರದ ಮೇಲೆ ನಿಂತಿರಬೇಕು, ತಳ್ಳಿದರೆ ಉರುಳಬೇಕು. ಟ್ಯಾಂಕು, ಕಾರ್ಬುರೇಟರ್ ಖಾಲಿ ಮಾಡಿ, ಬ್ಯಾಟರಿ ಬಿಚ್ಚಿಟ್ಟು ಆಗಾಗ ಚಾರ್ಜ್ ಹಾಕಿ, ಕೈಯಿಂದಲೇ ಎಂಜಿನ್ ಒಂದೆರಡು ಸುತ್ತು ತಿರುಗಿಸಿದರೆ ಅವು ಕೆಡದೆ ಉಳಿಯುತ್ತವೆ. ಲೇತಿನವರಿಗೋಸ್ಕರ ಕಾಯುವಾಗ ಬಣ್ಣ, ವೈರಿಂಗ್, ಬ್ರೇಕಿನಂಥ ಕೆಲಸಗಳನ್ನು ಗುಂಪು ಮಾಡಿ ಮಾಡುತ್ತೇನೆ. ಸರದಿಯನ್ನು ಬಿಟ್ಟುಬಿಟ್ಟಿದ್ದೇನೆ. ಒಂದೇ ಗಾಡಿ ಹಿಡಿಸುವಷ್ಟು ಜಾಗ ಇರುವವರಿಗೆ ಮೊದಲನೇ ದಾರಿಯೇ ಸರಿ. ಅವರು ಎರಡನೇ ಗಾಡಿ ತರದೆ ಇರುವುದು ಒಳ್ಳೆಯದು.

ಮೊದಲು ಯಾವುದನ್ನು ಬಿಚ್ಚಬೇಕು? ನಾನು ಇಷ್ಟದ ಗಾಡಿ ನೋಡುವುದಿಲ್ಲ, ಆರ್‌ಸಿ ತೆಗೆದು ದಿನಾಂಕ ನೋಡುತ್ತೇನೆ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು, ಗಾಡಿಯನ್ನು ಆರ್‌ಟಿಓಗೆ ಒಯ್ದು ತೋರಿಸಬೇಕು. ಡಬ್ಬಿಯಲ್ಲಿರುವ ಗಾಡಿಯನ್ನು ತೋರಿಸಲು ಆಗುವುದಿಲ್ಲ, ಅಲ್ವಾ? ಕೇಂದ್ರದ ನಿಯಮದಲ್ಲಿ ತಡವಾದ ಪ್ರತಿ ತಿಂಗಳಿಗೆ ಬೈಕಿಗೆ 300, ಕಾರಿಗೆ 500 ರೂಪಾಯಿ ಹೆಚ್ಚುವರಿ ಶುಲ್ಕ ಇದೆ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಗಾಡಿಗಳ ನವೀಕರಣ ಶುಲ್ಕವನ್ನೂ ಬೈಕಿಗೆ 2,000, ಕಾರಿಗೆ 10,000 ರೂಪಾಯಿಗೆ ಏರಿಸಿದರು. 1996ಕ್ಕೆ ನಿಂತುಹೋದ ಯೆಜ್ಡಿ, ಆರ್‌ಎಕ್ಸ್ ಎಲ್ಲವೂ ಇದರ ಲೆಕ್ಕಕ್ಕೇ ಬರುತ್ತವೆ. ಅವಧಿ ಹತ್ತಿರ ಬಂದ ಗಾಡಿಯನ್ನು ಜೋಡಿಸಿ, ತೋರಿಸಿ, ಹೊಸ ಐದು ವರ್ಷ ಪಡೆದ ಮೇಲೆ ನಿಧಾನವಾಗಿ ಬಿಚ್ಚಿ. ನಮ್ಮ ಮೂರರಲ್ಲಿ ಯೆಜ್ಡಿಗೆ ಅವಧಿ ಜಾಸ್ತಿ ಉಳಿದಿದೆ. ಅದಕ್ಕೇ ಈಗ ಅದರ ಎಂಜಿನ್ ಮೇಜಿನ ಮೇಲಿದೆ, ಪದ್ಮಿನಿಯ ಟಿಂಕರಿಂಗ್ ಆರ್‌ಸಿ ಕೈಗೆ ಬಂದ ಮೇಲೆ.