ಬರ್ನ್‌ನ ಎರಡು ಪ್ಯಾರಾಬೆಲಮ್: 06/24ಗೆ ಬೆಲೆ ಜಾಸ್ತಿಯೋ, 06/29ಗೋ?

ನಾನು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಬಾಡಿಗೆಗಿರುವ ಮನೆಯ ಯಜಮಾನಿಗೆ ಎಂಬತ್ತು ದಾಟಿದೆ. ಅವರ ಗಂಡ ತೀರಿಕೊಂಡ ಮೇಲೆ ಕಪಾಟಿನಲ್ಲಿ ಎರಡು ಹಳೇ ಪಿಸ್ತೂಲು ಸಿಕ್ಕವು, ಬರ್ನ್‌ನಲ್ಲೇ ಮಾಡಿದ 06/24 ಮತ್ತು 06/29 ಎಂಬ ಮಾದರಿಗಳು. 06/29 ಮಾವನವರು ಸೈನ್ಯದಿಂದ ತಂದದ್ದು, 06/24 ಗಂಡ ಯಾರಿಂದಲೋ ಕೊಂಡದ್ದು. ಇಲ್ಲಿ ಹೀಗೆ ಬಂದ ಪಿಸ್ತೂಲಿಗೆ ವಾರಸುದಾರರು ಆರು ತಿಂಗಳೊಳಗೆ ಅನುಮತಿ ಪತ್ರಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಅನುಮತಿ ಇರುವವರಿಗೆ ಕೊಟ್ಟುಬಿಡಬೇಕು. ನಾನು ಮಡಿಕೇರಿಯವನು, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಯ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವುದನ್ನು ನೋಡಿ ಬೆಳೆದವನು ಅಂತ ಅವರಿಗೆ ಗೊತ್ತು. ಅದಕ್ಕೇ ನನ್ನನ್ನು ಕರೆದರು.

ಮೊದಲು ಗುರುತು. ಎರಡೂ ಲೂಗರ್ (ಪ್ಯಾರಾಬೆಲಮ್ ಅನ್ನುವುದೂ ಇದನ್ನೇ) ಜಾತಿಯವೇ, 7.65 ಮಿಮೀ ಗುಂಡಿನವು. ಸ್ವಿಸ್ ಸೈನ್ಯ 1900ರಲ್ಲೇ ಈ ಪಿಸ್ತೂಲನ್ನು ಒಪ್ಪಿಕೊಂಡಿತ್ತು, ಆಗ ಬರ್ಲಿನ್‌ನಿಂದ ತರಿಸುತ್ತಿದ್ದರು. ಮೊದಲ ಮಹಾಯುದ್ಧ ಶುರುವಾಗಿ ಅಲ್ಲಿಂದ ಬರುವುದು ನಿಂತ ಮೇಲೆ ಬರ್ನ್‌ನ ಸರ್ಕಾರಿ ಶಸ್ತ್ರ ಕಾರ್ಖಾನೆ ತಾನೇ ಮಾಡಲು ಹೊರಟಿತು.

06/24 ಕೈಗೆತ್ತಿಕೊಂಡರೆ ಹಳೇ ಕಾಲದ ಕೆಲಸ ಅಂತ ತಕ್ಷಣ ಗೊತ್ತಾಗುತ್ತದೆ. ಗೀರು ಕೊರೆದ ಮರದ ಹಿಡಿ. ಗುಂಡು ಏರಿಸಲು ಮೇಲೆತ್ತಿ ಎಳೆಯುವ ಎರಡು ಗುಂಡಿಗಳ ಮೇಲೂ ಗೀರುಗಳು. ಸಣ್ಣ ಶಿಲುಬೆಯ ಕೆಳಗೆ ಕಾರ್ಖಾನೆಯ ಹೆಸರು. 06/29 ಖರ್ಚು ಇಳಿಸಲೆಂದೇ ಬದಲಿಸಿದ ಮಾದರಿ. ಆ ಗುಂಡಿಗಳು ನುಣುಪು, ಹಿಡಿಯ ಮುಂಭಾಗ ನೇರ, ಹಿಡಿಗೆ ಪ್ಲಾಸ್ಟಿಕ್ (ಮೊದಲಿನವಕ್ಕೆ ಕೆಂಪು ಮಿಶ್ರಿತ ಕಂದು, ಆಮೇಲಿನವಕ್ಕೆ ಕಪ್ಪು), ಹೆಸರಿಲ್ಲ, ಗುರಾಣಿಯೊಳಗೆ ಶಿಲುಬೆ ಮಾತ್ರ. ಕಣ್ಣಿಗೆ 06/24 ಚೆಂದ. ಸಂಖ್ಯೆಯಲ್ಲೂ ಅದೇ ಅಪರೂಪ, ಅದು ಸುಮಾರು 18 ಸಾವಿರ, 06/29 ಸುಮಾರು 30 ಸಾವಿರ. ಹಾಗಾಗಿ 06/24 ಗೆಲ್ಲುತ್ತದೆ ಅಂತಲೇ ನಾನು ಅಂದುಕೊಂಡಿದ್ದೆ.

ಬೆಲೆ ಕೇಳಲು ಮೂರು ದಾರಿ ಹಿಡಿದೆವು. ಮೊದಲು ಬಂದೂಕಿನ ಅಂಗಡಿ. ಎರಡೇ ನಿಮಿಷ ನೋಡಿ ಎರಡಕ್ಕೂ ಒಂದೇ ಬೆಲೆ ಹೇಳಿದರು. 06/29ರ ಮೇಲೆ ಹೊಡೆದಿದ್ದ 'ಪಿ' ಅಕ್ಷರ ತೋರಿಸಿ "ಇದರಿಂದ ಬೆಲೆ ಇಳಿಯುತ್ತದೆ" ಎಂದರು. ನನಗೆ ಇದು ಒಪ್ಪಿಗೆಯಿಲ್ಲ. ಸೇವೆ ಮುಗಿದ ಸೈನಿಕ ತನ್ನ ಪಿಸ್ತೂಲನ್ನು ಮನೆಗೆ ಒಯ್ದಾಗ, ಇದು ಇನ್ನು ಖಾಸಗಿ ಎನ್ನಲು ಹೊಡೆಯುವ ಮುದ್ರೆ ಅದು. ಅದೊಂದು ಸಾಕ್ಷಿ, ಕುಂದಲ್ಲ.

ಎರಡನೆಯದು ಹರಾಜು. ಮೊದಲೇ ಹೇಳುವ ಅಂದಾಜನ್ನು ನಂಬಬೇಡಿ, ಹಿಂದೆ ಅಂಥವೇ ಎಷ್ಟಕ್ಕೆ ಹೋಗಿವೆ ಅನ್ನುವುದನ್ನು ನೋಡಿ. ಅದರಲ್ಲಿ ಮಾರುವವರ ಕಮಿಷನ್ ಬೇರೆ ಕಳೆಯಬೇಕು.

ಮೂರನೆಯದು ಲುಜರ್ನ್‌ನ ಸಂಗ್ರಾಹಕರ ಮೇಳ. ನನ್ನ ಮಟ್ಟಿಗೆ ಬೇರೆ ಯಾವುದೂ ಇದಕ್ಕೆ ಸಮ ಇಲ್ಲ. ಅಲ್ಲಿ ವಯಸ್ಸಾದ ಒಬ್ಬರು ಮೊದಲು ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ತೆಗೆದು, ನಳಿಗೆಯ ಹಿಂದೆ ಗುಂಡು ಕೂರುವ ಕೋಣೆ ಖಾಲಿಯಿದೆಯಾ ಅಂತ ಎರಡು ಸಲ ನೋಡಿದರು. ಆಮೇಲೆ ಭೂತಗನ್ನಡಿ ಹಿಡಿದು ಕೂತು ಚಿಕ್ಕ ಚಿಕ್ಕ ಭಾಗಗಳ ಮೇಲಿನ ಅಂಕಿಗಳೆಲ್ಲ ಪಿಸ್ತೂಲಿನ ಸಂಖ್ಯೆಗೆ ಹೊಂದುತ್ತವೆಯೇ ಎಂದು ಒಂದೊಂದಾಗಿ ಓದುತ್ತಾ ಹೋದರು, ಮುಗಿಸಲು ಅರ್ಧ ಗಂಟೆ ಹಿಡಿಯಿತು. 06/24ರ ಅಂಕಿಗಳು ಹೊಂದಿದವು. ಆದರೆ ಅದರ ಶಿಲುಬೆಯ ಅಂಚು ಮೊಂಡಾಗಿತ್ತು, ಸವೆಯಬೇಕಾದ ನಳಿಗೆಯ ತುದಿಯಲ್ಲೂ ಬಣ್ಣ ಹೊಸದಾಗಿತ್ತು. ಯಾರೋ ಉಜ್ಜಿ, ಉಕ್ಕಿನ ಮೇಲಿನ ನೀಲಿ ಲೇಪವನ್ನು ಮತ್ತೆ ಹಾಕಿಸಿದ್ದರು. ಅಂಗಡಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ! 06/29 ಅಲ್ಲಲ್ಲಿ ಸವೆದಿತ್ತು, ಆದರೆ ಎಲ್ಲವೂ ಮೂಲದ್ದೇ, ಜೊತೆಗೆ ಚರ್ಮದ ಚೀಲ, ಇನ್ನೊಂದು ಮ್ಯಾಗಜಿನ್, ಮಾವನವರ ಸೇವಾ ಪುಸ್ತಿಕೆ. ಅವರು 06/29ಗೆ ಹೇಳಿದ ಬೆಲೆ 06/24ಕ್ಕಿಂತ ಹತ್ತಿರ ಹತ್ತಿರ ಒಂದೂವರೆ ಪಟ್ಟು.

ನಿಮ್ಮ ಕೈಗೆ ಇಂಥದ್ದು ಸಿಕ್ಕರೆ ದಯವಿಟ್ಟು ಉಜ್ಜಬೇಡಿ, ಪಾಲಿಶ್ ಹಾಕಬೇಡಿ. ಚೀಲ, ಕಾಗದ ಏನನ್ನೂ ಬೇರೆ ಮಾಡಬೇಡಿ. ಇನ್ನೊಂದು ಮಾತು, ಹಳೆಯದು ಅಂತ ಕಾನೂನಿನ ವಿನಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ. ಇಲ್ಲಿನ ಕಾನೂನಿನಲ್ಲಿ ಪುರಾತನ ಬಂದೂಕು ಅಂದರೆ 1870ಕ್ಕಿಂತ ಮೊದಲು ಮಾಡಿದ್ದು.

06/24 ಮೇಳದಲ್ಲೇ ಪರಿಚಯವಾದ ಒಬ್ಬ ಸಂಗ್ರಾಹಕರಿಗೆ ಹೋಯಿತು, ಅನುಮತಿ ಪತ್ರ ನೋಡಿಯೇ ಕೊಟ್ಟೆವು. 06/29ಗೆ ಯಜಮಾನಿ ತಮ್ಮ ಹೆಸರಿನಲ್ಲೇ ಅರ್ಜಿ ಹಾಕಿದರು. ಅದು ಈಗ ಬೀಗದ ಪೆಟ್ಟಿಗೆಯಲ್ಲಿದೆ, ಪಕ್ಕದಲ್ಲೇ ಮಾವನವರ ಸೇವಾ ಪುಸ್ತಿಕೆ.