ಕುಸಾತ್ಸು, ಕಿನೋಸಾಕಿ, ಹಕೋನೆ: ಯಾವ ಊರಿನ ರ್ಯೋಕಾನ್ ಯಾರಿಗೆ?

ಜಪಾನಿನಲ್ಲಿ ಬಿಸಿನೀರ ಬುಗ್ಗೆಯಿರುವ ರ್ಯೋಕಾನ್ (ಸಾಂಪ್ರದಾಯಿಕ ವಸತಿಗೃಹ) ಹುಡುಕುವವರು ಸಾಮಾನ್ಯವಾಗಿ ಕೋಣೆಯ ಫೋಟೋ ನೋಡಿ ದುಡ್ಡು ಕಟ್ಟುತ್ತಾರೆ. ಕೋಣೆ ಎಲ್ಲೆಡೆ ಹೆಚ್ಚುಕಮ್ಮಿ ಒಂದೇ: ತತಾಮಿ ಚಾಪೆ, ಗಿಡ್ಡ ಮೇಜು, ರಾತ್ರಿ ನೆಲಕ್ಕೆ ಹಾಸುವ ಹಾಸಿಗೆ. ನಿಜವಾಗಿ ಬೇರೆಯಾಗುವುದು ನೀರು, ಮತ್ತು ಆ ನೀರಿಗೆ ಎಷ್ಟು ಜನರ ಎದುರು ಇಳಿಯಬೇಕು ಅನ್ನುವುದು. ಮೂರು ಊರಲ್ಲೂ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳ. ಈಜುಡುಗೆಗೂ ಅವಕಾಶವಿಲ್ಲ. ಕೂತು ಮೈ ತೊಳೆದುಕೊಂಡೇ ನೀರಿಗಿಳಿಯಬೇಕು. ಚಿಕ್ಕ ಟವೆಲ್ ನೀರಿಗೆ ತಾಗಬಾರದು.

ನೀರಿನ ಗುಣವೇ ಮುಖ್ಯ ಅನ್ನುವವರಿಗೆ ಗುನ್ಮಾ ಪ್ರಾಂತ್ಯದ ಕುಸಾತ್ಸುವಿಗೆ ಸಾಟಿಯಿಲ್ಲ. ಇಲ್ಲಿಯ ನೀರಿನ ಪಿಎಚ್ ಸುಮಾರು 2, ಹೆಚ್ಚುಕಡಿಮೆ ನಿಂಬೆರಸದ ಹುಳಿ. ಊರ ನಡುವಿನ ಯುಬಾತಾಕೆ ಎಂಬ ಬುಗ್ಗೆಯ ಬಯಲಿನಲ್ಲಿ ಮರದ ಕಾಲುವೆಗಳ ಮೇಲೆ ಹರಿಸಿ ಅದರ ಕಾವು ಇಳಿಸುತ್ತಾರೆ. ತಣ್ಣೀರು ಬೆರೆಸಿದರೆ ಸತ್ವ ತೆಳುವಾಗುತ್ತದೆ ಎಂದು ಉದ್ದ ಹಲಗೆಗಳಿಂದ ಕಲಕಿ ಆರಿಸುವ ‘ಯುಮೋಮಿ’ಗೂ ಈ ಊರೇ ಹೆಸರುವಾಸಿ. ಶಿರಾಹತಾ ನೋ ಯು ಮೊದಲಾದ ಊರಿನ ಸ್ನಾನಗೃಹಗಳಿಗೆ ಶುಲ್ಕವಿಲ್ಲ. ಆದರೆ ಅಲ್ಲಿ ಶವರ್ ಇಲ್ಲ, ಸೋಪಿಲ್ಲ. ತಂದು ಉಜ್ಜಿದರೂ ಈ ಹುಳಿ ನೀರಿನಲ್ಲಿ ನೊರೆ ಏಳುವುದಿಲ್ಲ. ಹಾಗಾಗಿ ರ್ಯೋಕಾನಿನಲ್ಲೇ ಮೈ ತೊಳೆದು ಹೋಗಿ. ನೀರು ಒಮ್ಮೊಮ್ಮೆ 45 ಡಿಗ್ರಿ ದಾಟಿರುತ್ತದೆ. ಮೊದಲು ಪಾದಕ್ಕೆ, ಆಮೇಲೆ ಮೊಣಕಾಲು, ಸೊಂಟ, ಹೆಗಲಿಗೆ ಎಂದು ಏಳೆಂಟು ಚೊಂಬು ಸುರಿದುಕೊಂಡು ಇಳಿಯಿರಿ. 3 ನಿಮಿಷಕ್ಕೆ ಎದ್ದು ಕೂತು, ಆರಿಸಿಕೊಂಡು ಮತ್ತೆ ಇಳಿಯಿರಿ. ಅದೇ ದಿನ ಶೇವ್ ಮಾಡಿದ ಕೆನ್ನೆ, ತರಚಿದ ಗಾಯ ಚುರುಗುಟ್ಟುತ್ತದೆ. ಸೂಕ್ಷ್ಮ ಚರ್ಮದವರು ಕೊನೆಗೆ ಸಾದಾ ನೀರು ಹಾಕಿಕೊಳ್ಳಬೇಕು. ಬೆಳ್ಳಿಯ ಕಾಲುಂಗುರ, ಗೆಜ್ಜೆ, ಉಡಿದಾರ ಮೊದಲೇ ತೆಗೆದಿಡಿ, ಗಂಧಕ ತಾಗಿ ಕಪ್ಪಾಗುತ್ತವೆ. ಕಾಲುಂಗುರ ತೆಗೆಯಲು ಮನಸ್ಸಿಲ್ಲದವರು ಕಿನೋಸಾಕಿಗೆ ಹೋಗುವುದೇ ವಾಸಿ. ಅಂದಹಾಗೆ, ಕುಸಾತ್ಸುವಿಗೆ ರೈಲು ಮುಟ್ಟುವುದಿಲ್ಲ. ನಾಗಾನೊಹಾರಾ-ಕುಸಾತ್ಸುಗುಚಿಯಲ್ಲಿ ಇಳಿದು ಸುಮಾರು ಅರ್ಧ ಗಂಟೆ ಬಸ್ಸು.

ಹ್ಯೋಗೊ ಪ್ರಾಂತ್ಯದ ಕಿನೋಸಾಕಿ ಕ್ಯೋತೋದಿಂದ ರೈಲಿನಲ್ಲಿ ಎರಡೂವರೆ ಗಂಟೆ. ನೀರು ತಿಳಿ, ತುಸು ಉಪ್ಪು, ಚರ್ಮಕ್ಕೆ ಹಿತ. ಊರಿನ ನೀರನ್ನೆಲ್ಲ ಒಂದೆಡೆ ಕೂಡಿಸಿ ಹಂಚುವುದರಿಂದ ಎಲ್ಲ ಸಾರ್ವಜನಿಕ ಸ್ನಾನಗೃಹಗಳಲ್ಲೂ ಬರುವುದು ಒಂದೇ ನೀರು. ಬದಲಾಗುವುದು ಕಟ್ಟಡ, ಕೊಳ, ನೋಟ. ರ್ಯೋಕಾನಿನಲ್ಲಿ ಉಳಿದವರಿಗೆ ಅವಕ್ಕೆಲ್ಲ ಪಾಸ್ ಸಿಗುತ್ತದೆ, ಹಚ್ಚೆ ಇದ್ದವರನ್ನೂ ಒಳಬಿಡುತ್ತಾರೆ. ಒಂದೊಂದು ಸ್ನಾನಗೃಹಕ್ಕೆ ವಾರದ ಒಂದೊಂದು ದಿನ ರಜೆ, ನಿಮಗೆ ಬೇಕಾದದ್ದು ತೆರೆದಿದೆಯೇ ನೋಡಿಕೊಂಡು ದಿನ ಗೊತ್ತುಮಾಡಿ. ಯುಕಾತಾ (ಹತ್ತಿಯ ನಿಲುವಂಗಿ) ಉಟ್ಟು, ಗೆತಾ (ಮರದ ಚಪ್ಪಲಿ) ಮೆಟ್ಟಿ ಬೀದಿಯಲ್ಲಿ ಓಡಾಡುವುದೇ ಇಲ್ಲಿನ ಸೊಗಸು. ಯುಕಾತಾದ ಎಡ ಅಂಚು ಮೇಲೆ ಬರಲಿ. ಬಲ ಅಂಚು ಮೇಲಿಡುವುದು ಶವಕ್ಕೆ. ರ್ಯೋಕಾನಿನ ಒಳಗಿನ ಕೊಳ ಮಾತ್ರ ಸಾಮಾನ್ಯವಾಗಿ ಚಿಕ್ಕದು, ಅಲ್ಲೇ ಕೂತಿರುತ್ತೇವೆ ಅನ್ನುವವರಿಗೆ ಈ ಊರು ದಂಡ.

ಅಪರಿಚಿತರ ಮುಂದೆ ಬಟ್ಟೆ ಬಿಚ್ಚಲು ಒಪ್ಪದವರಿಗೆ ಹಕೋನೆ. ಟೋಕಿಯೋದ ಶಿಂಜುಕುವಿನಿಂದ ರೊಮಾನ್ಸ್‌ಕಾರ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಕೋಣೆಗೇ ಹೊರತೊಟ್ಟಿ ಇರುವ ರ್ಯೋಕಾನ್‌ಗಳು ಇಲ್ಲಿ ಬಹಳ, ಬೆಲೆಯೂ ಅಷ್ಟೇ ಏರು. ಇಲ್ಲೇ ಮೋಸಹೋಗುವುದು: ಕೆಲವು ಕೋಣೆಯ ತೊಟ್ಟಿಗೆ ಬರುವುದು ಬುಗ್ಗೆಯ ನೀರಲ್ಲ, ಕಾಯಿಸಿದ ನಲ್ಲಿ ನೀರು. ‘ಗೆನ್ಸೆನ್ ಕಾಕೆನಾಗಾಶಿ’ ಎಂದು ಬರೆದಿದ್ದರೆ ಬುಗ್ಗೆಯ ನೀರು ಸೋಸಿ ಮರುಬಳಕೆಯಾಗದೆ ಹರಿದುಹೋಗುತ್ತದೆ. ಖರ್ಚು ಉಳಿಸಬೇಕೆಂದರೆ ಸಾಮಾನ್ಯ ಕೋಣೆ ಹಿಡಿದು, ‘ಕಾಶಿಕಿರಿ’ ಕೊಳವನ್ನು 45–50 ನಿಮಿಷ ನಿಮ್ಮವರಿಗಷ್ಟೇ ಕಾದಿರಿಸಿ. ನಮ್ಮ ಲೆಕ್ಕದಲ್ಲಿ ಮೊದಲ ಸಲ ಹೋಗುವ ದಂಪತಿಗೆ ಇದೇ ಸರಿಯಾದ ದಾರಿ.

ಬೆಲೆ ಹೇಳುವುದು ತಲೆಗೆ ಇಷ್ಟು ಎಂದು, ಬಹುಪಾಲು ಎರಡು ಊಟ ಸೇರಿಸಿ. ರಾತ್ರಿಯೂಟ 6 ಗಂಟೆ ಆಸುಪಾಸು. 8ಕ್ಕೆ ತಲುಪಿದರೆ ಊಟವೂ ಇಲ್ಲ, ದುಡ್ಡೂ ವಾಪಸಿಲ್ಲ. ಸಸ್ಯಾಹಾರಿಗಳಿಗೆ ಕಿನೋಸಾಕಿ ಎಲ್ಲಕ್ಕಿಂತ ಕಷ್ಟ, ನವೆಂಬರಿನಿಂದ ಮಾರ್ಚ್‌ವರೆಗೆ ಊಟವೆಂದರೆ ಏಡಿ. ಮೂರೂ ಕಡೆ ಬರೀ ‘ಸಸ್ಯಾಹಾರ’ ಎಂದು ಬರೆದರೆ ಸಾಲದು, ತರಕಾರಿಯನ್ನೂ ಮೀನಿನ ದಾಶಿಯಲ್ಲೇ (ತಿಳಿಸಾರಿನಲ್ಲೇ) ಬೇಯಿಸುತ್ತಾರೆ. ಕೊಂಬು ಎಂಬ ಕಡಲಕಳೆ, ಶಿಟಾಕೆ ಅಣಬೆಯ ದಾಶಿ ಆಗುತ್ತದೆ, ಕತ್ಸುಒಬುಶಿ (ಒಣಮೀನು) ಬೇಡ ಎಂದು ಬಿಡಿಸಿ ಬರೆಯಿರಿ. ಆಗುವುದಿಲ್ಲ ಎಂದರೆ ಊಟವಿಲ್ಲದ ‘ಸುದೊಮಾರಿ’ ದರ ಕೇಳಿ.